ಸಾಲಿಯೇರಿಗೆ ವಿಷ ಹಾಕಿದವರು ಯಾರು?

ಪ್ರಶ್ನೆ: ಈಚೆಗೆ ‘ಅಮಾಡೇಯಸ್’ ಸಿನಿಮಾ ನೋಡಿದೆ. ಅದರಲ್ಲಿ ಸಾಲಿಯೇರಿ ಎಂಬ ಆಸ್ಥಾನ ಸಂಗೀತಗಾರ ಹೊಟ್ಟೆಕಿಚ್ಚಿನಿಂದ ಮೊಜಾರ್ಟನನ್ನು ಸಾವಿನ ಬಾಗಿಲಿಗೆ ತಳ್ಳುತ್ತಾನೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ, ಸ್ವಲ್ಪವಾದರೂ ನಿಜ ಇರಬೇಕು ಅಂತ ನನ್ನ ಅನಿಸಿಕೆ. ಸಾಲಿಯೇರಿ ಅಷ್ಟೊಂದು ಸಾಧಾರಣ ಸಂಗೀತಗಾರನೇ? ಇಂಥ ಕಥೆಗಳಲ್ಲಿ ನಿಜವೆಷ್ಟು ಸುಳ್ಳೆಷ್ಟು ಎಂದು ತಿಳಿಯುವುದು ಹೇಗೆ? ಅವನ ಸಂಗೀತ ಕೇಳಬೇಕೆಂದರೆ ಎಲ್ಲಿಂದ ಶುರುಮಾಡಲಿ? ನನ್ನ ಮಗಳು ನಾಲ್ಕು ವರ್ಷದಿಂದ ಪಿಯಾನೊ ಕಲಿಯುತ್ತಿದ್ದಾಳೆ. ಅವಳು ನುಡಿಸುವಂಥದ್ದು ಏನಾದರೂ ಇದೆಯೇ?

ಉತ್ತರ: ವಿಷದ ಮಾತನ್ನು ಮೊದಲು ಮುಗಿಸಿಬಿಡೋಣ. ಸಾಲಿಯೇರಿ ಮೊಜಾರ್ಟನಿಗೆ ವಿಷ ಹಾಕಲಿಲ್ಲ. ಹಾಕಿದ ಎನ್ನಲು ಒಂದೇ ಒಂದು ಗಟ್ಟಿ ದಾಖಲೆಯೂ ಇಲ್ಲ, ಹಾಕಲಿಲ್ಲ ಎನ್ನಲು ಬೇಕಾದಷ್ಟಿವೆ. ಆದರೆ ಅವನು ಸಾಧಾರಣನೇ ಎಂಬ ನಿಮ್ಮ ಎರಡನೆಯ ಪ್ರಶ್ನೆ ಅಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ. ಕೊಲೆಯ ಆರೋಪ ಕಾಗದಪತ್ರ ತೋರಿಸಿದರೆ ಬಿದ್ದುಹೋಗುತ್ತದೆ. ‘ಸಾಧಾರಣ’ ಎಂಬ ಆರೋಪ ಬೀಳಬೇಕಾದರೆ ಯಾರಾದರೂ ಸಂಗೀತ ಕೇಳಬೇಕು. ಆ ಸಂಗೀತವೋ ಹೆಚ್ಚುಕಡಿಮೆ ನೂರೈವತ್ತು ವರ್ಷ ವಿಯೆನ್ನಾದ ಗ್ರಂಥಾಲಯದ ಕಪಾಟಿನಲ್ಲೇ ಕೂತಿತ್ತು. ಕೇಳುವವರಿಲ್ಲದ ಆ ಖಾಲಿ ಜಾಗದಲ್ಲಿ ಕಥೆ ಮನೆಮಾಡಿತು.

ಇನ್ನು ನಿಮ್ಮ ಹೊಗೆಯ ವಿಚಾರ. ಹೊಗೆ ಯಾವ ವರ್ಷ, ಯಾರ ಮನೆಯಿಂದ ಎದ್ದಿತು ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಮೊಜಾರ್ಟ್ ತೀರಿಕೊಂಡದ್ದು 1791ರ ಡಿಸೆಂಬರ್ 5ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ. ವಯಸ್ಸು 35. ಮರಣದ ದಾಖಲೆಯಲ್ಲಿ ಕಾರಣ ಎಂದು ಬರೆದಿರುವ ಜರ್ಮನ್ ಪದದ ಅರ್ಥ ಹೆಚ್ಚುಕಡಿಮೆ ‘ನವಣೆಕಾಳಿನಂಥ ಗುಳ್ಳೆಯೇಳುವ ಕಡು ಜ್ವರ’. ಇದು ಕಾಯಿಲೆಯ ಹೆಸರಲ್ಲ, ಕಣ್ಣಿಗೆ ಕಂಡ ಲಕ್ಷಣ. ನಿಖರವಾದ ಹೆಸರಿಲ್ಲದ ಸಾವಿನ ಸುತ್ತ ಊಹೆ ಹುಟ್ಟುವುದು ಸಹಜ. ಅದೇ ತಿಂಗಳ ಕೊನೆಗೆ ಬರ್ಲಿನ್‌ನ ಸಂಗೀತ ವಾರಪತ್ರಿಕೆಯೊಂದು, ಸತ್ತ ಮೇಲೆ ದೇಹ ಊದಿಕೊಂಡಿದ್ದರಿಂದ ವಿಷಪ್ರಾಶನ ಆಗಿರಬಹುದೆಂದು ಕೆಲವರು ಅನುಮಾನಿಸುತ್ತಿದ್ದಾರೆ ಎಂದು ಬರೆಯಿತು. ಗಮನಿಸಿ, ಯಾರ ಹೆಸರೂ ಇಲ್ಲ. ಮೈ ಊದಲು ವಿಷವೇ ಬೇಕೆಂದಿಲ್ಲ. ಮೂತ್ರಪಿಂಡ ಕೈಕೊಟ್ಟರೂ ಊದುತ್ತದೆ, ಸಂಧಿವಾತದ ಜ್ವರ ಗುಂಡಿಗೆಗೆ ಇಳಿದರೂ ಊದುತ್ತದೆ. 1798ರಲ್ಲಿ ನೀಮೆಚೆಕ್ ಎಂಬಾತ ಬರೆದ ಜೀವನಚರಿತ್ರೆಯಲ್ಲಿ, ತನಗೆ ಯಾರೋ ವಿಷ ಕೊಟ್ಟಿದ್ದಾರೆಂದು ಮೊಜಾರ್ಟನೇ ಹೆಂಡತಿಯ ಮುಂದೆ ಹೇಳಿಕೊಂಡ ಪ್ರಸಂಗ ಬರುತ್ತದೆ. ಅಲ್ಲಿಯೂ ಸಾಲಿಯೇರಿಯ ಸುದ್ದಿಯಿಲ್ಲ.

ಆ ಹೆಸರು ಊರೆಲ್ಲ ಹರಡಿದ್ದು 1820ರ ದಶಕದಲ್ಲಿ, ಸಾವಾಗಿ ಮೂವತ್ತು ವರ್ಷ ಕಳೆದ ಮೇಲೆ. 1823ರಲ್ಲಿ 73 ವರ್ಷದ ಸಾಲಿಯೇರಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿದ್ದ. ಮೈಯೂ ಮನಸ್ಸೂ ಎರಡೂ ಸೋತಿದ್ದವು. ಆತ್ಮಹತ್ಯೆಗೆ ಯತ್ನಿಸಿದನೆಂದೂ, ‘ಮೊಜಾರ್ಟನನ್ನು ಕೊಂದವನು ನಾನೇ’ ಎಂದು ಬಡಬಡಿಸಿದನೆಂದೂ ಊರಲ್ಲಿ ಗುಸುಗುಸು ಎದ್ದಿತು. ಇದಕ್ಕೆ ಸಾಕ್ಷಿಯೆಂದು ಎಲ್ಲರೂ ತೋರಿಸುವುದು ಬೀಥೋವನನ ಸಂಭಾಷಣೆ ಪುಸ್ತಕಗಳನ್ನು. ಕಿವಿ ಕೇಳದ ಬೀಥೋವನನಿಗೆ ಬಂದವರು ಹೇಳಬೇಕಾದ್ದನ್ನು ಬರೆದು ತೋರಿಸುತ್ತಿದ್ದರು. ಆ ಪುಟಗಳಲ್ಲಿ ಸಾಲಿಯೇರಿಯ ತಪ್ಪೊಪ್ಪಿಗೆಯ ಸುದ್ದಿ ಇರುವುದು ನಿಜ. ಆದರೆ ಅದನ್ನು ಬರೆದವರಲ್ಲಿ ಒಬ್ಬರೂ ಆಸ್ಪತ್ರೆಯ ಕೋಣೆಯಲ್ಲಿ ಇರಲಿಲ್ಲ. ಗಾಳಿಸುದ್ದಿ ಇತ್ತು ಎಂಬುದಕ್ಕೆ ಆ ಪುಸ್ತಕ ಸಾಕ್ಷಿ, ಸುದ್ದಿ ನಿಜ ಎಂಬುದಕ್ಕಲ್ಲ. ಬಹಳ ಜನ ಎಡವುವುದು ಇಲ್ಲಿಯೇ.

ಕೋಣೆಯಲ್ಲಿ ಇದ್ದವರು ಬೇರೆ ಹೇಳಿದ್ದಾರೆ. ಹಗಲಿರುಳು ಅವನನ್ನು ನೋಡಿಕೊಂಡ ಇಬ್ಬರು ಆರೈಕೆಯವರು ಅಂಥ ಮಾತನ್ನು ತಾವು ಕೇಳಿಯೇ ಇಲ್ಲ ಎಂದು ಲಿಖಿತವಾಗಿ ಕೊಟ್ಟರು. ಹಳೆಯ ಶಿಷ್ಯ, ಪಿಯಾನೊ ವಾದಕ ಮೊಶೆಲೆಸ್ ನೋಡಲು ಹೋದಾಗ ಸಾಲಿಯೇರಿ ತಾನಾಗಿಯೇ ಈ ವಿಷಯ ಎತ್ತಿ, ಅದರಲ್ಲಿ ಎಳ್ಳಷ್ಟೂ ಸತ್ಯವಿಲ್ಲ, ಜಗತ್ತಿಗೆ ಹೇಳು ಎಂದು ಕೇಳಿಕೊಂಡ. 1824ರಲ್ಲಿ ಗುಲ್ಡೆನರ್ ಎಂಬ ಹಿರಿಯ ವೈದ್ಯ ಪತ್ರ ಬರೆದು, ಮೊಜಾರ್ಟನಿಗೆ ಬಂದದ್ದು ಆ ವರ್ಷ ವಿಯೆನ್ನಾದ ಎಷ್ಟೋ ಜನರನ್ನು ಕಾಡಿದ ಸಂಧಿವಾತದ ಜ್ವರ, ಚಿಕಿತ್ಸೆ ಮಾಡಿದ ವೈದ್ಯರೊಂದಿಗೆ ತಾನು ಆಗಲೇ ಮಾತಾಡಿದ್ದೆ ಎಂದು ತಿಳಿಸಿದ. ಇವೆಲ್ಲಕ್ಕಿಂತ ನನಗೆ ಹೆಚ್ಚು ತೂಕದ್ದಾಗಿ ಕಾಣುವ ಸಾಕ್ಷಿ ಇನ್ನೊಂದು. ತಂದೆ ಸತ್ತಾಗ ನಾಲ್ಕು ತಿಂಗಳ ಕೂಸಾಗಿದ್ದ ಕಿರಿಯ ಮಗ ಫ್ರಾಂಟ್ಸ್ ಕ್ಸಾವರ್‌ನನ್ನು ತಾಯಿ ಕೊನ್‌ಸ್ಟಾನ್ಸೆ ಪಾಠಕ್ಕೆ ಕಳಿಸಿದ ಗುರುಗಳಲ್ಲಿ ಸಾಲಿಯೇರಿಯೂ ಒಬ್ಬ. 1807ರಲ್ಲಿ ಆ ಹುಡುಗನಿಗೆ ಸಾಲಿಯೇರಿ ಶಿಫಾರಸು ಪತ್ರ ಬರೆದುಕೊಟ್ಟದ್ದೂ ಉಂಟು. ಗಂಡನನ್ನು ಕೊಂದವನೆಂಬ ಅನುಮಾನವಿದ್ದರೆ ಯಾವ ತಾಯಿ ಮಗನನ್ನು ಅವನ ಮನೆಗೆ ಕಳಿಸುತ್ತಾಳೆ?

ಸಾಲಿಯೇರಿ ಸತ್ತದ್ದು 1825ರ ಮೇ 7ರಂದು. ಐದು ವರ್ಷಕ್ಕೆ, 1830ರಲ್ಲಿ, ರಷ್ಯಾದ ಕವಿ ಪುಷ್ಕಿನ್ ‘ಮೊಜಾರ್ಟ್ ಮತ್ತು ಸಾಲಿಯೇರಿ’ ಎಂಬ ಪುಟ್ಟ ಪದ್ಯನಾಟಕ ಬರೆದ. ಎರಡೇ ದೃಶ್ಯ, ಎರಡನೆಯದರಲ್ಲಿ ಲೋಟಕ್ಕೆ ವಿಷ ಬೀಳುತ್ತದೆ. ಸತ್ತವರು ಮಾನನಷ್ಟ ಮೊಕದ್ದಮೆ ಹೂಡುವುದಿಲ್ಲವಲ್ಲ. ಅದೇ ನಾಟಕವನ್ನು ರಿಮ್‌ಸ್ಕಿ-ಕೋರ್ಸಕೋವ್ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮಾಡಿದ, 1898ರಲ್ಲಿ ರಂಗಕ್ಕೆ ಬಂತು. ಪೀಟರ್ ಶಾಫರ್‌ನ ನಾಟಕ 1979ರಲ್ಲಿ ಲಂಡನ್ನಿನಲ್ಲಿ, ಅದರಿಂದ ಮಾಡಿದ ಮಿಲೋಶ್ ಫೊರ್ಮನ್‌ನ ಸಿನಿಮಾ 1984ರಲ್ಲಿ. ಎಂಟು ಆಸ್ಕರ್ ಬಂದವು. ಸಾಲಿಯೇರಿಯ ಪಾತ್ರ ಮಾಡಿದ ನಟನಿಗೂ ಒಂದು.

ಈ ಪದರಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಬರ್ಲಿನ್ ಪತ್ರಿಕೆ ವಿಷ ತಂದಿತು. ವಿಯೆನ್ನಾದ ಹರಟೆ ಅದಕ್ಕೊಂದು ಹೆಸರು ಕೊಟ್ಟಿತು. ಪುಷ್ಕಿನ್ ಕಾರಣ ಕೊಟ್ಟ: ಬೆವರು ಸುರಿಸಿ ಕಲಿತವನಿಗೆ ಹುಟ್ಟಾ ಪ್ರತಿಭೆಯ ಮೇಲಿನ ಅಸೂಯೆ. ಶಾಫರ್ ಬರುವ ಹೊತ್ತಿಗೆ ವಿಷ ಬೇಕಾಗಿಯೇ ಇರಲಿಲ್ಲ. ಅಲ್ಲಿ ಸಾಲಿಯೇರಿಯ ಜಗಳ ದೇವರ ಜೊತೆ, ‘ನನ್ನನ್ನು ಏಕೆ ಸಾಧಾರಣನನ್ನಾಗಿ ಮಾಡಿದೆ’ ಎಂದು. ವಿಷ ತೆಳುವಾಗುತ್ತ ಹೋದಂತೆ ‘ಸಾಧಾರಣ’ ಎಂಬ ಮಾತು ದಪ್ಪವಾಯಿತು. ನಾಟಕವಾಗಿ ಅದು ಬಹಳ ಒಳ್ಳೆಯ ನಾಟಕ, ಅದರ ಬಗ್ಗೆ ನನಗೆ ತಕರಾರಿಲ್ಲ. ಚರಿತ್ರೆ ಎಂದು ಓದಿದಾಗ ಮಾತ್ರ ಕೆಡುತ್ತದೆ. ನಿಜದ ಸಾಲಿಯೇರಿಗೆ ಹೆಂಡತಿಯಿದ್ದಳು, ಎಂಟು ಮಕ್ಕಳಿದ್ದರು, ಸಿನಿಮಾದವನಂತೆ ಬ್ರಹ್ಮಚಾರಿಯಲ್ಲ. ಮೊಜಾರ್ಟನಿಗಿಂತ ಬರೀ ಐದೂವರೆ ವರ್ಷ ದೊಡ್ಡವನು. ಮೊಜಾರ್ಟನ ಕೊನೆಯ ಕೃತಿ ‘ರೆಕ್ವಿಯಂ’ (ಸತ್ತವರಿಗಾಗಿ ಹಾಡುವ ಪ್ರಾರ್ಥನಾ ಸಂಗೀತ) ಬರೆಯಲು ಹೇಳಿಕಳಿಸಿದ ಅನಾಮಧೇಯ ವ್ಯಕ್ತಿ ವಾಲ್ಸೆಗ್ ಎಂಬ ಜಮೀನುದಾರ. 1791ರ ಫೆಬ್ರುವರಿಯಲ್ಲಿ ಸತ್ತ ಹೆಂಡತಿಯ ನೆನಪಿಗೆ ಅವನಿಗೆ ಅದು ಬೇಕಿತ್ತು. ಅದನ್ನು ಪೂರ್ತಿ ಮಾಡಿದವನು ಜ್ಯೂಸ್‌ಮಾಯರ್. ಮೊಜಾರ್ಟ್ ಸಾಯುವ ಮುಂಚಿನ ರಾತ್ರಿ ಸಾಲಿಯೇರಿ ಹಾಸಿಗೆಯ ಪಕ್ಕ ಕೂತು ಬರೆದುಕೊಂಡ ದೃಶ್ಯ ಶುದ್ಧ ಕಲ್ಪನೆ.

ಹಾಗಾದರೆ ಇಬ್ಬರ ನಡುವೆ ಏನೂ ಇರಲಿಲ್ಲವೇ? ಇತ್ತು. ಒಂದೇ ರಂಗಮಂದಿರಕ್ಕೆ ಒಪೆರಾ ಬರೆಯುವ ಇಬ್ಬರ ನಡುವೆ ಇರುವಷ್ಟು ಪೈಪೋಟಿ ಇತ್ತು. 1781ರ ಡಿಸೆಂಬರಿನಲ್ಲಿ ಮೊಜಾರ್ಟ್ ತಂದೆಗೆ ಬರೆಯುತ್ತಾನೆ, ಚಕ್ರವರ್ತಿಯ ಕಣ್ಣಿಗೆ ಸಾಲಿಯೇರಿ ಬಿಟ್ಟರೆ ಇನ್ಯಾರೂ ಕಾಣುವುದಿಲ್ಲ ಎಂದು. 1783ರಲ್ಲಿ, ಒಪೆರಾಗಳಿಗೆ ಸಾಹಿತ್ಯ ಬರೆಯುವ ಕವಿ ಡಾ ಪೋಂಟೆ ಸಾಲಿಯೇರಿಯ ಜೊತೆ ಸೇರಿಕೊಂಡಿದ್ದರೆ ತನಗೆ ಅವನಿಂದ ಸಾಹಿತ್ಯ ಸಿಗಲಾರದು ಎಂದು. 1789ರ ಡಿಸೆಂಬರಿನಲ್ಲಿ ಗೆಳೆಯ ಪುಖ್‌ಬರ್ಗ್‌ಗೆ, ಸಾಲಿಯೇರಿಯ ಕುತಂತ್ರಗಳನ್ನು ಮುಖತಃ ಹೇಳುತ್ತೇನೆ, ಅವೆಲ್ಲ ಆಗಲೇ ನೆಲಕಚ್ಚಿವೆ ಎಂದು. ಪತ್ರಗಳನ್ನು ಓದುವಾಗ ಯಾರಿಗೆ, ಯಾಕೆ ಬರೆದದ್ದು ಎಂಬುದನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಮೊದಲ ಎರಡು, ‘ನಿನಗೆ ಇನ್ನೂ ಕಾಯಂ ಕೆಲಸ ಯಾಕೆ ಸಿಕ್ಕಿಲ್ಲ’ ಎಂದು ಪೀಡಿಸುವ ಅಪ್ಪನಿಗೆ. ಮೂರನೆಯದು 400 ಗುಲ್ಡೆನ್ ಸಾಲ ಕೇಳುವ ಪತ್ರ. ಸುಳ್ಳು ಎಂದು ತಳ್ಳಿಹಾಕಲು ಇಷ್ಟು ಸಾಲದು, ಹಾಗೆಯೇ ನುಂಗುವುದೂ ಬೇಡ.

ಅದೇ ಮೊಜಾರ್ಟ್ ಸಾಯುವ ಏಳು ವಾರ ಮೊದಲು, 1791ರ ಅಕ್ಟೋಬರ್ 14ರಂದು ಹೆಂಡತಿಗೆ ಬರೆದ ಪತ್ರವೂ ಇದೆ. ಹಿಂದಿನ ಸಂಜೆ ಸಾಲಿಯೇರಿಯನ್ನೂ ಗಾಯಕಿ ಕಾವಲಿಯೇರಿಯನ್ನೂ ತಾನೇ ಕರೆದುಕೊಂಡು ತನ್ನ ಒಪೆರಾ ‘ಮ್ಯಾಜಿಕ್ ಫ್ಲೂಟ್’ ತೋರಿಸಿದನಂತೆ. ಶುರುವಿನ ವಾದ್ಯಸಂಗೀತದಿಂದ ಕೊನೆಯ ವೃಂದಗಾನದವರೆಗೆ ಸಾಲಿಯೇರಿ ‘ಬ್ರಾವೋ’ ಎನ್ನದ ಭಾಗವೇ ಇರಲಿಲ್ಲ ಎಂದು ಹಿಗ್ಗಿನಿಂದ ಬರೆದಿದ್ದಾನೆ. 1785ರಲ್ಲಿ ಗಾಯಕಿ ನ್ಯಾನ್ಸಿ ಸ್ಟೊರಾಚೆಯ ದನಿ ಸರಿಹೋದ ಸಂತೋಷಕ್ಕೆ ಡಾ ಪೋಂಟೆ ಬರೆದ ಪದ್ಯಕ್ಕೆ ಇವರಿಬ್ಬರೂ ಕೊರ್ನೆಟ್ಟಿ ಎಂಬ ಮೂರನೆಯವನೂ ಸೇರಿ ಸಂಗೀತ ಕೊಟ್ಟಿದ್ದರು. ಕಳೆದೇಹೋಯಿತು ಎಂದುಕೊಂಡಿದ್ದ ಆ ಕೃತಿ 2015ರಲ್ಲಿ ಪ್ರಾಗ್‌ನ ಸಂಗೀತ ಮ್ಯೂಸಿಯಮ್ಮಿನಲ್ಲಿ ಸಿಕ್ಕಿತು. ಸಂಗೀತ ಅಂಥ ದೊಡ್ಡದೇನಲ್ಲ, ನಾಲ್ಕಾರು ನಿಮಿಷದ್ದು. ಆದರೆ ಹಗೆಗಳು ಕೂಡಿ ಹಾಡು ಕಟ್ಟುವುದಿಲ್ಲ.

ಅಂಕಿಸಂಖ್ಯೆಯೂ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 1786ರ ಫೆಬ್ರುವರಿ 7ರಂದು ಷೋನ್‌ಬ್ರುನ್ ಅರಮನೆಯ ಕಿತ್ತಳೆಮನೆಯಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಒಂದು ಔತಣ ಏರ್ಪಡಿಸಿದ. ಒಂದು ತುದಿಯ ರಂಗದ ಮೇಲೆ ಮೊಜಾರ್ಟನ ‘ನಾಟಕ ಕಂಪನಿಯ ಯಜಮಾನ’, ಇನ್ನೊಂದು ತುದಿಯಲ್ಲಿ ಸಾಲಿಯೇರಿಯ ‘ಮೊದಲು ಸಂಗೀತ, ಆಮೇಲೆ ಮಾತು’. ಮೊಜಾರ್ಟನಿಗೆ ಕೊಟ್ಟದ್ದು 50 ಡುಕಾಟ್, ಸಾಲಿಯೇರಿಗೆ 100. ‘ನೋಡಿ ಅನ್ಯಾಯ’ ಎಂದು ಈ ಎರಡು ಅಂಕಿಗಳನ್ನು ತೋರಿಸುವವರಿದ್ದಾರೆ. ಮೊಜಾರ್ಟನದು ಮಾತಿನ ನಾಟಕ, ಅದಕ್ಕೆ ಅವನು ಬರೆದದ್ದು ಒಂದು ಓವರ್ಚರ್ (ಶುರುವಿನ ವಾದ್ಯಸಂಗೀತ), ನಾಲ್ಕು ಹಾಡು. ಸಾಲಿಯೇರಿಯದು ಮೊದಲಿಂದ ಕೊನೆಯವರೆಗೆ ಹಾಡಿನಲ್ಲೇ ನಡೆಯುವ ಒಂದಂಕದ ಒಪೆರಾ. ಕೆಲಸಕ್ಕೆ ತಕ್ಕ ಕೂಲಿ. ಅಂದಹಾಗೆ, ಆ ಒಪೆರಾದ ಕಥೆ ನಮಗೆ ಚೆನ್ನಾಗಿ ಗೊತ್ತಿರುವುದೇ: ಟ್ಯೂನ್ ರೆಡಿ, ನಾಲ್ಕು ದಿನದಲ್ಲಿ ಕವಿ ಅದಕ್ಕೆ ಸಾಹಿತ್ಯ ಕೂರಿಸಬೇಕು. ಗಾಂಧಿನಗರದಲ್ಲಿ ಹಾಡು ಬರೆದವರು ಯಾರಾದರೂ ಅದನ್ನು ನೋಡಿದರೆ ನಗು ತಡೆಯಲಾರರು.

ಸಾಲಿಯೇರಿಗೆ ಮೊಜಾರ್ಟನ ಮೇಲೆ ಹೊಟ್ಟೆಕಿಚ್ಚು ಪಡಲು ಕಾರಣವಾದರೂ ಏನಿತ್ತು? 1750ರ ಆಗಸ್ಟ್ 18ರಂದು ವೆನಿಸ್ ಗಣರಾಜ್ಯದ ಲೆಗ್ನಾಗೊ ಎಂಬ ಊರಲ್ಲಿ ಹುಟ್ಟಿದವನು, ಚಿಕ್ಕಂದಿನಲ್ಲೇ ತಬ್ಬಲಿ. 15ನೇ ವಯಸ್ಸಿನಲ್ಲಿ ಗಾಸ್ಮನ್ ಎಂಬ ಆಸ್ಥಾನ ಸಂಯೋಜಕ ಅವನನ್ನು ವಿಯೆನ್ನಾಕ್ಕೆ ಕರೆತಂದು, ಮನೆಯಲ್ಲಿಟ್ಟುಕೊಂಡು, ಕಾಸು ಪಡೆಯದೆ ಕಲಿಸಿದ. 1774ರಲ್ಲಿ ಗಾಸ್ಮನ್ ಸತ್ತಾಗ ಅವನ ಜಾಗಕ್ಕೆ ಬಂದ ಸಾಲಿಯೇರಿಗೆ ಇನ್ನೂ 24 ತುಂಬಿರಲಿಲ್ಲ. 1778ರ ಆಗಸ್ಟ್ 3ರಂದು ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರ ಬಾಗಿಲು ತೆರೆದದ್ದೇ ಅವನ ಒಪೆರಾದಿಂದ. 1784ರಲ್ಲಿ ಪ್ಯಾರಿಸ್ಸಿನಲ್ಲಿ ‘ಲೆ ದನಾಯಿದ್’. 1787ರಲ್ಲಿ ಅಲ್ಲಿಯೇ ‘ತರಾರ್’, ಸಾಹಿತ್ಯ ಸ್ವತಃ ಫ್ರೆಂಚ್ ನಾಟಕಕಾರ ಬೊಮಾರ್ಶೆಯದು. ಮುಂದಿನ ವರ್ಷ ಡಾ ಪೋಂಟೆ ಅದನ್ನು ಇಟಾಲಿಯನ್ನಿಗೆ ತಿರುಗಿಸಿದಾಗ ‘ಅಕ್ಸೂರ್’ ಆಗಿ ವಿಯೆನ್ನಾದಲ್ಲಿ ಮನೆಮಾತು. ಸಿನಿಮಾದಲ್ಲಿ ಸಾಲಿಯೇರಿ ಪದಕ ಪಡೆಯುವ ವೈಭವದ ದೃಶ್ಯದಲ್ಲಿ ಕೇಳುವುದು ಇದರ ಕೊನೆಯ ಭಾಗ. ಅದೇ 1788ರಲ್ಲಿ ಅವನು ಆಸ್ಥಾನದ ಕಪೆಲ್‌ಮೈಸ್ಟರ್ (ಸಂಗೀತದ ಮುಖ್ಯಸ್ಥ) ಆದ, 1824ರವರೆಗೂ ಆ ಹುದ್ದೆಯಲ್ಲಿದ್ದ. ಹುದ್ದೆ, ಹಣ, ಮೂರು ರಾಜಧಾನಿಗಳಲ್ಲಿ ಹೆಸರು ಎಲ್ಲ ಇದ್ದವನು ಅವನು. 1787ರ ಕೊನೆಗೆ 800 ಗುಲ್ಡೆನ್ನಿನ ಸಣ್ಣ ಆಸ್ಥಾನ ಕೆಲಸಕ್ಕೆ ಕಾದು ಕೂತಿದ್ದವನು ಮೊಜಾರ್ಟ್. ಹೊಟ್ಟೆಕಿಚ್ಚಿನ ಗಾಳಿ ಬೀಸಬೇಕಿದ್ದರೆ ಆ ಕಡೆಯಿಂದ ಈ ಕಡೆಗೆ ಬೀಸಬೇಕಿತ್ತು.

ಪಾಠದ ವಿಷಯ ಬಿಡಬಾರದು. ಬೀಥೋವನ್ ಇಟಾಲಿಯನ್ ಮಾತಿಗೆ ರಾಗ ಹೊಂದಿಸುವುದನ್ನು ಕಲಿತದ್ದು ಇವನ ಬಳಿ. ಓಪಸ್ 12ರ ಮೂರು ವಯೊಲಿನ್ ಸೊನಾಟಾಗಳನ್ನು ಇವನಿಗೇ ಅರ್ಪಿಸಿದ್ದಾನೆ. ಶೂಬರ್ಟ್ ಶಿಷ್ಯ, 1816ರಲ್ಲಿ ಗುರು ವಿಯೆನ್ನಾಕ್ಕೆ ಬಂದು ಐವತ್ತು ವರ್ಷವಾದಾಗ ಹಾಡು ಕಟ್ಟಿ ಹಾಡಿದ. ಹುಮೆಲ್, ಮೇಯರ್‌ಬೇರ್, ಹುಡುಗ ಲಿಸ್ಟ್, ಎಲ್ಲರೂ ಇಲ್ಲಿ ಕೂತು ಎದ್ದವರು. ತನ್ನ ಗುರು ಮಾಡಿದಂತೆಯೇ ಇವನೂ ಬಡ ಶಿಷ್ಯರಿಂದ ಹಣ ಮುಟ್ಟುತ್ತಿರಲಿಲ್ಲ.

ಇಷ್ಟೆಲ್ಲ ಇದ್ದವನು ಮರೆತುಹೋದದ್ದು ಹೇಗೆ? ಪುಷ್ಕಿನ್‌ನ ಮೇಲೆ ತಪ್ಪು ಹೊರಿಸುವುದು ಸುಲಭ, ಆದರೆ ನಿಜವಾದ ಕಾರಣಗಳು ಬಹಳ ನೀರಸ. ಸಾಲಿಯೇರಿ ಬರೆದದ್ದು ಬಹುಪಾಲು ಒಪೆರಾ. ಸೊನಾಟಾ ಆದರೆ ಮನೆಯಲ್ಲಿ ಒಂದು ಪಿಯಾನೊ, ಒಬ್ಬ ವಿದ್ಯಾರ್ಥಿ ಇದ್ದರೆ ಬದುಕುತ್ತದೆ. ನಾಲ್ಕು ಜನ ಸೇರಿದರೆ ಕ್ವಾರ್ಟೆಟ್ ಬದುಕುತ್ತದೆ. ಒಪೆರಾಕ್ಕೆ ಗಾಯಕರು, ವೃಂದ, ರಂಗ, ವೇಷ, ದುಡ್ಡು, ಜೊತೆಗೆ ಆ ಭಾಷೆ ತಿಳಿಯುವ ಸಭೆ, ಎಲ್ಲ ಒಟ್ಟಿಗೆ ಬೇಕು. ನಮ್ಮಲ್ಲಿ ಕೃತಿಯೊಂದು ಉಳಿಯಬೇಕಾದರೆ ಪಾಠಾಂತರ ಬೇಕು ಎನ್ನುತ್ತೇವಲ್ಲ, ಹಾಗೆಯೇ. ಮೊಜಾರ್ಟನ ಒಪೆರಾಗಳು ಬೀರುವಿನಲ್ಲಿದ್ದ ದಿನಗಳಲ್ಲೂ ಅವನ ಸೊನಾಟಾ, ಕನ್ಸರ್ಟೊಗಳು ಮಕ್ಕಳ ಬೆರಳಲ್ಲಿ ಹೆಸರನ್ನು ಉಳಿಸಿದವು. ಸಾಲಿಯೇರಿಗೆ ಆ ಪಾಠಾಂತರ ಇರಲಿಲ್ಲ. ಕೊನೆಯ ಒಪೆರಾ 1804ರದ್ದು. ಆಮೇಲೆ ಇಪ್ಪತ್ತು ವರ್ಷ ಬದುಕಿದರೂ ರಂಗಕ್ಕೆ ಹೊಸದೇನನ್ನೂ ಕೊಡಲಿಲ್ಲ. ಕಾಲದ ರುಚಿ ರೊಸ್ಸಿನಿಯ ಕಡೆ ಹೊರಳಿತು. 1862ರಲ್ಲಿ ಮೊಜಾರ್ಟನ ಕೃತಿಗಳನ್ನು ಪಟ್ಟಿಮಾಡಿದ ಕ್ಯೋಖೆಲ್ ಸಂಖ್ಯೆ (‘ಕೆ.’) ಬಂತು, 1877ರಿಂದ ಲೈಪ್ಸಿಗ್‌ನ ಪ್ರಕಾಶಕರು ಸಮಗ್ರ ಆವೃತ್ತಿ ಹೊರತಂದರು. ಸಾಲಿಯೇರಿಗೆ ಆ ಭಾಗ್ಯವಿಲ್ಲ. ಅಚ್ಚಾದ ಪುಸ್ತಕವಿಲ್ಲದಿದ್ದರೆ ವಾದ್ಯವೃಂದದ ನಿರ್ದೇಶಕನಿಗೆ ಹಸ್ತಪ್ರತಿ ಹುಡುಕಿಕೊಂಡು ಹೋಗುವ ದರ್ದು ಏನು?

ಇನ್ನು ಕೇಳುವುದು. ಮೊಜಾರ್ಟನ ಒಪೆರಾ ‘ಫಿಗರೊ’ ಕೇಳಿ ಮುಗಿಸಿ ಅದೇ ಬಿಸಿಯಲ್ಲಿ ಸಾಲಿಯೇರಿ ಹಾಕಬೇಡಿ. ಒಬ್ಬನ ಅತಿ ಶ್ರೇಷ್ಠ ಕೃತಿಯನ್ನೂ ಇನ್ನೊಬ್ಬನ ಕೈಗೆ ಸಿಕ್ಕ ಕೃತಿಯನ್ನೂ ತಕ್ಕಡಿಯಲ್ಲಿಟ್ಟರೆ ಉತ್ತರ ಮೊದಲೇ ಗೊತ್ತಾಗಿರುತ್ತದೆ. ‘ಲೆ ದನಾಯಿದ್’ನ ಓವರ್ಚರ್‌ನಿಂದ ಶುರುಮಾಡಿ, ಸುಮಾರು ಆರು ನಿಮಿಷ. ಡಿ ಮೈನರ್‌ನಲ್ಲಿ, ನಿಧಾನವಾಗಿ, ಬೆನ್ನುಹುರಿ ತಣ್ಣಗಾಗುವಂತೆ ಶುರುವಾಗುತ್ತದೆ. ಮೂರು ವರ್ಷದ ನಂತರ ಬಂದ ಮೊಜಾರ್ಟನ ‘ಡಾನ್ ಜೊವಾನಿ’ಯ ಆರಂಭವೂ ಡಿ ಮೈನರ್; ಎರಡನ್ನೂ ಬೇರೆ ಬೇರೆ ದಿನ ಕೇಳಿ ನೋಡಿ. ಆಮೇಲೆ ಅದೇ ಒಪೆರಾದ ಕೊನೆ, ನರಕದ ದೃಶ್ಯ. ವೈದ್ಯಕೀಯ ಓದಲು ಪ್ಯಾರಿಸ್ಸಿಗೆ ಬಂದಿದ್ದ, ಮುಂದೆ ದೊಡ್ಡ ಸಂಯೋಜಕನಾದ ಬರ್ಲಿಯೋಜ್‌ಗೆ ಸಂಗೀತದ ಹುಚ್ಚು ಹಿಡಿಸಿದ್ದರಲ್ಲಿ ಈ ಒಪೆರಾದ ಪಾಲೂ ಉಂಟು. ಇದರ ಹಿಂದೆಯೂ ಒಂದು ತಮಾಷೆ ಇದೆ: ಹಿರಿಯ ಒಪೆರಾ ಸಂಯೋಜಕ ಗ್ಲುಕ್‌ಗೆ ಒಪ್ಪಿಸಿದ್ದ ಕೆಲಸವಿದು, ಲಕ್ವ ಹೊಡೆದದ್ದರಿಂದ ಅವನು ಸಾಲಿಯೇರಿಗೆ ದಾಟಿಸಿದ. ಮೊದಮೊದಲು ಜಾಹೀರಾತಿನಲ್ಲಿ ಮುಂದಿದ್ದದ್ದು ಗ್ಲುಕ್‌ನ ಹೆಸರೇ. ಗೆದ್ದ ಮೇಲೆ ಅವನು ಪತ್ರಿಕೆಗೆ ಬರೆದು, ಪೂರ್ತಿ ಸಾಲಿಯೇರಿಯದು ಎಂದು ಒಪ್ಪಿಕೊಂಡ. ಬೇರೆಯವರ ನೆರಳು ಎಂಬುದು ಈ ಮನುಷ್ಯನಿಗೆ ಗೆಲುವಿನ ದಿನವೂ ತಪ್ಪಲಿಲ್ಲ.

ಎರಡನೆಯದಾಗಿ 1815ರ ‘ಲಾ ಫೊಲಿಯಾ’ದ 26 ವೇರಿಯೇಷನ್‌ಗಳು (ಒಂದೇ ರಾಗದ ಬೇರೆ ಬೇರೆ ರೂಪಗಳು), ಸುಮಾರು 18 ನಿಮಿಷ, ಒಪೆರಾದ ಭಾಷೆಯ ತೊಡಕಿಲ್ಲ. ಹದಿನಾರು ಅಳತೆಯ ಒಂದು ಹಳೆಯ ರಾಗ, 26 ಸಲ. ಕೆಳಗಿನ ಮಂದ್ರದ ನಡೆಯನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಮೇಲಿನ ಬಣ್ಣ ಹೇಗೆ ಬದಲಾಗುತ್ತದೆ ಎಂದು ಕೇಳಿ: ಇಲ್ಲಿ ಒಂಟಿ ವಯೊಲಿನ್, ಅಲ್ಲಿ ಹಾರ್ಪ್, ಇನ್ನೊಂದು ಕಡೆ ಊದುವಾದ್ಯಗಳು ಮಾತ್ರ. ರಾಗವೇ ಬದಲಾಗಲಿ ಎಂದು ಕಾದರೆ ಐದನೆಯದಕ್ಕೆ ಬೇಸರ ಬಂದುಬಿಡುತ್ತದೆ. ಇದು ಹೊಸ ರಾಗ ಕಟ್ಟುವ ಆಟವಲ್ಲ, ಇದ್ದ ರಾಗಕ್ಕೆ ವಾದ್ಯ ಹಂಚುವ ಆಟ. ಮೂರನೆಯದಾಗಿ 2003ರಲ್ಲಿ ಚೆಚಿಲಿಯಾ ಬಾರ್ತೊಲಿ ಹಾಡಿದ ಸಾಲಿಯೇರಿ ಆಲ್ಬಮ್. ಪೂರ್ತಿ ಒಪೆರಾ ಬೇಕೆನಿಸಿದರೆ ಕ್ರಿಸ್ತೋಫ್ ರೂಸೆ ನಡೆಸಿದ ಧ್ವನಿಮುದ್ರಣಗಳು, ಅದರಲ್ಲೂ ‘ತರಾರ್’. ಅಲ್ಲಿ ಮಾತಿನಂಥ ಹಾಡೂ ಪೂರ್ಣ ಹಾಡೂ ನಡುವೆ ಗೆರೆ ಎಳೆಯಲಾಗದಂತೆ ಒಂದರೊಳಗೊಂದು ಹರಿಯುತ್ತವೆ. ಸಾಹಿತ್ಯದ ಅನುವಾದ ಪಕ್ಕದಲ್ಲಿಲ್ಲದೆ ‘ತರಾರ್’ ಕೇಳುವುದು ದಂಡ. ಮೂಲಕಾಲದ ವಾದ್ಯ ಬಳಸದ ಹಳೆಯ, ಭಾರವಾದ ಮುದ್ರಣಗಳನ್ನು ಮೊದಲಿಗೆ ಹಾಕಬೇಡಿ. ಸಾಲಿಯೇರಿಯ ಚಿಕ್ಕ ಚಿಕ್ಕ ವಾಕ್ಯಗಳು ಅಲ್ಲಿ ಮುದ್ದೆಯಾಗುತ್ತವೆ.

ಕೇಳಿದ ಮೇಲೆ ನಿಮಗೆ ಅನಿಸುವುದು ಬಹುಶಃ ಇದು. ಮಾತಿನ ಏರಿಳಿತಕ್ಕೆ ಸಂಗೀತ ಹೊಂದಿಸುವುದರಲ್ಲಿ, ವೃಂದಗಾನವನ್ನು ನಾಟಕದೊಳಕ್ಕೆ ಎಳೆಯುವುದರಲ್ಲಿ, ವಾದ್ಯದ ಬಣ್ಣದಲ್ಲಿ ಅವನು ಪಳಗಿದ ಕೈ. ‘ಫಿಗರೊ’ದ ಎರಡನೆಯ ಅಂಕದ ಕೊನೆಯಲ್ಲಿ ಇಪ್ಪತ್ತು ನಿಮಿಷ ಒಬ್ಬೊಬ್ಬರೇ ಒಳಬಂದು ಗೋಜಲು ಬಿಗಿಯಾಗುತ್ತ ಹೋಗುವಂಥ ಕಟ್ಟಡ ಅವನಿಂದ ಆಗಲಿಲ್ಲ. ಅವನ ಏರಿಯಾಗಳು (ಒಬ್ಬರೇ ಹಾಡುವ ಹಾಡುಗಳು) ಎಷ್ಟೋ ಸಲ ನಾವು ಊಹಿಸಿದ ಕಡೆಯೇ ಮುಗಿಯುತ್ತವೆ. ಮೊಜಾರ್ಟನ ಸಮ ಅವನಲ್ಲ. ಆದರೆ ಮೊಜಾರ್ಟನ ಸಮ ಅಲ್ಲದವರೆಲ್ಲ ಸಾಧಾರಣರು ಎಂದರೆ ಆ ಕಾಲದ ವಿಯೆನ್ನಾದಲ್ಲಿ ಹೈಡನ್ ಒಬ್ಬನನ್ನು ಬಿಟ್ಟರೆ ಯಾರು ಉಳಿಯುತ್ತಾರೆ?

ಕಥೆಗಳನ್ನು ಒರೆಗೆ ಹಚ್ಚುವ ಬಗೆ ಕೇಳಿದ್ದೀರಿ. ಮೇಲೆ ಮಾಡಿದ್ದನ್ನೇ ಬೇರೆ ಕಡೆಯೂ ಮಾಡಿ: ಮೊದಲು ಯಾವ ವರ್ಷ ಯಾರು ಹೇಳಿದರು, ಅವರು ಅಲ್ಲಿದ್ದರೇ, ಅದು ಪತ್ರವೋ ಲೆಕ್ಕದ ಪುಸ್ತಕವೋ ನಾಟಕವೋ. ಎಲ್ಲ ದಂತಕಥೆಯೂ ಅಪವಾದವೇ ಆಗಿರಬೇಕಿಲ್ಲ. ‘ಅಲ್ಬಿನೋನಿಯ ಅಡಾಜಿಯೊ’ ನೀವು ಯಾವುದೋ ಸಿನಿಮಾದಲ್ಲೋ ಶೋಕಸಭೆಯಲ್ಲೋ ಕೇಳಿಯೇ ಇರುತ್ತೀರಿ. ಅಲ್ಬಿನೋನಿ ವೆನಿಸ್ಸಿನವನು, 1671ರಿಂದ 1751. ಆ ಅಡಾಜಿಯೊ ಅಚ್ಚಾದದ್ದು 1958ರಲ್ಲಿ. ಡ್ರೆಸ್ಡನ್ ಗ್ರಂಥಾಲಯದ ಒಂದು ತುಣುಕಿನಿಂದ ಬೆಳೆಸಿದೆ ಎಂದ ರೆಮೊ ಜಾಜೊಟ್ಟೊ ಎಂಬ ಸಂಗೀತಶಾಸ್ತ್ರಜ್ಞನೇ ಅದರ ಕರ್ತೃ. ಬಾಖ್ ಮೆಚ್ಚಿ ಎತ್ತಿಕೊಂಡು ಫ್ಯೂಗ್ ಬರೆದ ಅಲ್ಬಿನೋನಿಯ ನಿಜವಾದ ರಾಗಗಳು, 1715 ಮತ್ತು 1722ರ ಅವನ ಓಬೊ ಕನ್ಸರ್ಟೊಗಳು, ಅವನು ಬರೆಯದ ಈ ಕೃತಿಯ ಹಿಂದೆ ಮರೆಯಾಗಿ ನಿಂತಿವೆ.

ಕಥೆಯೇ ಇಲ್ಲದವರ ಪಾಡು ಇನ್ನೂ ಕಷ್ಟ. ಸಾಲಿಯೇರಿಗೆ ಕೆಟ್ಟದೋ ಒಳ್ಳೆಯದೋ ಹೆಸರಾದರೂ ಉಳಿಯಿತು. ಸಿನಿಮಾದ ನಂತರವೇ ಧ್ವನಿಮುದ್ರಣಗಳು ಹೆಚ್ಚಿದವು. 2004ರ ಡಿಸೆಂಬರ್ 7ರಂದು ದುರಸ್ತಿ ಮುಗಿಸಿ ಲಾ ಸ್ಕಾಲಾ ಮತ್ತೆ ತೆರೆದಾಗ ರಿಕಾರ್ಡೊ ಮೂಟಿ ನಡೆಸಿದ್ದು 1778ರ ಅದೇ ಸಾಲಿಯೇರಿಯ ಒಪೆರಾವನ್ನು. ಗುರು ಗಾಸ್ಮನ್‌ನನ್ನು ಯಾರು ಕೇಳುತ್ತಾರೆ? 1786ರಲ್ಲಿ ‘ಫಿಗರೊ’ವನ್ನು ವಿಯೆನ್ನಾದ ಜನ ಮರೆಯುವಂತೆ ಮಾಡಿದ್ದು ಮಾರ್ತಿನ್ ಇ ಸೋಲರ್‌ನ ‘ಉನಾ ಕೋಸಾ ರಾರಾ’. ಅವನ ಮೇಲೆ ಯಾರೂ ಕೊಲೆಯ ಆರೋಪ ಹೊರಿಸಲಿಲ್ಲ, ಹಾಗಾಗಿ ಅವನ ಹೆಸರು ನಿಮ್ಮ ಕಿವಿಗೆ ಬಿದ್ದಿಲ್ಲ. ರಷ್ಯಾದ ಸಂಯೋಜಕ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ ಗೆಳೆಯ ರಾಖ್ಮಾನಿನೊವ್‌ನ ನೆರಳಲ್ಲೇ ಉಳಿದವನು, ಅವನಿಗೂ ದಂತಕಥೆಯಿಲ್ಲ. ಅವನನ್ನು ಉಳಿಸಿದ್ದು ನಮ್ಮ ಮೈಸೂರು: ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಹಣ ಕೊಟ್ಟದ್ದರಿಂದ 1940ರ ದಶಕದ ಕೊನೆಗೆ ಲಂಡನ್ನಿನಲ್ಲಿ ಮುದಿ ಮೆಟ್ನರ್ ತನ್ನ ಮೂರೂ ಪಿಯಾನೊ ಕನ್ಸರ್ಟೊಗಳನ್ನು ತಾನೇ ನುಡಿಸಿ ಎಚ್‌ಎಂವಿಗೆ ಧ್ವನಿಮುದ್ರಿಸಿದ. ಮೂರನೆಯ ಕನ್ಸರ್ಟೊದ ಅರ್ಪಣೆಯಲ್ಲಿ ಮಹಾರಾಜರ ಹೆಸರಿದೆ.

ಕೊನೆಗೆ ನಿಮ್ಮ ಮಗಳು. ಸಾಲಿಯೇರಿ 1773ರಲ್ಲಿ ಬರೆದ ಎರಡು ಪಿಯಾನೊ ಕನ್ಸರ್ಟೊಗಳಿವೆ, ಆದರೆ ಆರ್ಕೆಸ್ಟ್ರಾ ಬೇಕು. ಅದರ ಬದಲು ಅವನ ರಾಗಗಳ ಮೇಲೆ ಬೇರೆ ಇಬ್ಬರು ಬರೆದದ್ದನ್ನು ಹಿಡಿಯಲಿ. 17 ವರ್ಷದ ಮೊಜಾರ್ಟ್ ‘ಲಾ ಫಿಯೇರಾ ದಿ ವೆನೆತ್ಸಿಯಾ’ದ ‘ಮಿಯೊ ಕಾರೊ ಅದೋನೆ’ ರಾಗದ ಮೇಲೆ ಆರು ವೇರಿಯೇಷನ್ ಬರೆದ, ಜಿ ಮೇಜರ್, ಕೆ. 180. ನಾಲ್ಕು ವರ್ಷ ಕಲಿತವರ ಕೈಗೆ ಇದು ದಕ್ಕುತ್ತದೆ. ಬೀಥೋವನ್ 1799ರಲ್ಲಿ ‘ಫಾಲ್‌ಸ್ಟಾಫ್’ನ ‘ಲಾ ಸ್ತೆಸ್ಸಾ, ಲಾ ಸ್ತೆಸ್ಸಿಸ್ಸಿಮಾ’ ರಾಗದ ಮೇಲೆ ಬರೆದ ಹತ್ತು ವೇರಿಯೇಷನ್‌ಗಳು, ಬಿ ಫ್ಲ್ಯಾಟ್ ಮೇಜರ್, ಡಬ್ಲ್ಯೂಒಒ 73 (ಬೀಥೋವನನ ಓಪಸ್ ಸಂಖ್ಯೆಯಿಲ್ಲದ ಕೃತಿಗಳ ಪಟ್ಟಿಯ ಸಂಖ್ಯೆ), ಅದಕ್ಕಿಂತ ಕಷ್ಟ. ಎರಡು ವರ್ಷ ತಡೆಯಲಿ. ಮೊಜಾರ್ಟನ ಸ್ವರಲಿಪಿ ಸಾಲ್ಸ್‌ಬರ್ಗ್‌ನ ಮೊಜಾರ್ಟೇಯಂ ಸಂಸ್ಥೆಯ ಜಾಲತಾಣದಲ್ಲಿ ಉಚಿತ, ಅವನ ಪತ್ರಗಳೂ ಅಲ್ಲಿಯೇ ಇವೆ. ಹತ್ತೊಂಬತ್ತನೇ ಶತಮಾನದ ಆವೃತ್ತಿ ಇಳಿಸಿಕೊಂಡರೆ ಸಂಪಾದಕರು ಸೇರಿಸಿದ ಜೋರು-ಮೆಲು ಗುರುತುಗಳನ್ನು ಮೊಜಾರ್ಟನದೆಂದು ಕಲಿತುಬಿಡುವ ಅಪಾಯವಿದೆ. ಇಂಥ ಕೃತಿಗಳಲ್ಲಿ ಎಲ್ಲರೂ ಮಾಡುವ ತಪ್ಪು, ಸುಲಭದ ಮೂಲ ರಾಗವನ್ನು ಬೇಗನೆ ನುಡಿಸಿ, ಸಣ್ಣ ಸ್ವರಗಳ ವೇರಿಯೇಷನ್ ಬಂದಾಗ ವೇಗ ಇಳಿಸುವುದು. ಅತಿ ಕಷ್ಟದ ವೇರಿಯೇಷನ್ ಎಷ್ಟು ವೇಗದಲ್ಲಿ ತೊಡಕಿಲ್ಲದೆ ಬರುತ್ತದೋ ಮೆಟ್ರೊನೋಮಿನಲ್ಲಿ ಗುರುತಿಸಿಕೊಂಡು, ಮೂಲ ರಾಗವನ್ನೂ ಅಷ್ಟೇ ವೇಗದಲ್ಲಿ ಶುರುಮಾಡಲಿ. ಅದಕ್ಕೂ ಮೊದಲು, ಪಿಯಾನೊ ಮುಟ್ಟದೆ, ಆ ರಾಗವನ್ನು ಬಾಯಲ್ಲಿ ಹಾಡಿ ತೋರಿಸಲಿ. ಅದು ಹಾಡುವವರಿಗೆಂದೇ ಬರೆದದ್ದು.